ಮೂಗುಬಂಡೆಗೆ ಸುಣ್ಣ ಬಳಿಯುವ ಹಸನಬೀ

ಮೂಡಣದಲ್ಲಿ ಇನ್ನೂ ಕೆಂಪು ಮೂಡಿಲ್ಲ. ತುಂಗಭದ್ರೆಯ ಹಿನ್ನೀರಿನೊಳಗೆ ಮೂಗಿನಂತೆ ಚಾಚಿಕೊಂಡ ಬಂಡೆಗುಡ್ಡದ ತುದಿಯಲ್ಲಿ ಹಸನಬೀ ಸೆರಗನ್ನು ಸೊಂಟಕ್ಕೆ ಬಿಗಿದು, ಸುಣ್ಣದ ಬಕೆಟ್ಟಿಗೆ ಕತ್ತಾಳೆ ನಾರಿನ ಕುಂಚ ಅದ್ದುತ್ತಾರೆ. ಮೂರು ಕಡೆಯೂ ನೀರು. ಆಚೆ ದಂಡೆ ಕಾಣದು. ಗಾಳಿ ಎದ್ದಾಗ ತೆರೆಗಳು ಆನೆಗಾತ್ರದ ಕಲ್ಲುಗಳ ಸಂದಿಗೆ ನುಗ್ಗಿ ಗುಡುಗುತ್ತವೆ. ಕೊಪ್ಪಳ ಸೀಮೆಯ ಒಣನೆಲದಲ್ಲಿ ಬೆಳೆದವರಿಗೆ ಇದೇ ಸಮುದ್ರ.

ಬೆನ್ನ ಹಿಂದೆ, ಬಂಡೆಯನ್ನು ಊರಿಗೆ ಜೋಡಿಸುವ ತಗ್ಗಿನ ದಾರಿಯಲ್ಲಿ ಹೊಸ ನೀರು ಏರುತ್ತಿದೆ. ನಿನ್ನೆ ಪಾದ ತೋಯುತ್ತಿತ್ತು, ಇಂದು ಮೊಣಕಾಲು. ನಾಳೆ ದಾರಿಯೇ ಇರುವುದಿಲ್ಲ. ಅಷ್ಟರೊಳಗೆ ತುದಿ ಬೆಳ್ಳಗಾಗಬೇಕು. ನೀರು ತುಂಬಿದ ಮೇಲೆ ಸುತ್ತಲಿನ ಕಲ್ಲುಗಳು ಗೇಣುದ್ದ ನೀರಿನಡಿ ಅಡಗಿ ಕೂರುತ್ತವೆ. ನಸುಕಿನ ಮಂಜಿನಲ್ಲಿ ಬಲೆ ಎತ್ತಿ ಮರಳುವ, ಬುಟ್ಟಿಯಂಥ ಇಪ್ಪತ್ತೆರಡು ತೆಪ್ಪಗಳಿಗೆ ದಿಕ್ಕು ತೋರುವುದು ಈ ಬಿಳುಪೊಂದೇ.

"ಮೊದಲ ನಮ್ಮ ಮನಿಯವರು ಹಚ್ಚತಿದ್ರು," ಎನ್ನುತ್ತಾರೆ ಹಸನಬೀ. ಗಂಡ ಮಕ್ಬುಲಸಾಬರು ತುದಿಯ ಪುಟ್ಟ ದರ್ಗಾಕ್ಕೆ ಬಳಿದು ಉಳಿದ ಸುಣ್ಣವನ್ನು ಚೆಲ್ಲಲು ಮನಸ್ಸಾಗದೆ ಪಕ್ಕದ ಕಲ್ಲಿಗೆ ಬಳಿದರಂತೆ. ಮೀನುಗಾರರು ಅದನ್ನೇ ಗುರುತು ಹಿಡಿದರು. ಮಕ್ಬುಲಸಾಬರು ತೀರಿಕೊಂಡು ಹತ್ತೊಂಬತ್ತು ವರ್ಷ. ಅಂದಿನಿಂದ ವರ್ಷಕ್ಕೆರಡು ಸಲ, ಸಲಕ್ಕೆ ನಾಲ್ಕು ದಿನ, ದಿನಕ್ಕೆ ಎಂಟು ಬಕೆಟ್ ಸುಣ್ಣ ಈಕೆಯ ತಲೆಯ ಮೇಲೆ ಬರುತ್ತದೆ. ಮಿಕ್ಕ ದಿನ ಹೊಲದ ಕೂಲಿ. ಸುಣ್ಣ ತಿಂದು ಬೆರಳ ಗೆರೆಗಳು ಸವೆದಿವೆ; ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಹೆಬ್ಬೆಟ್ಟು ಸಿಗುವುದಿಲ್ಲ. "ಮಶಿನ್ ನನ್ನ ಗುರುತ ಹಿಡಿಯಾಂಗಿಲ್ಲರಿ. ಮೀನದವರು ಹಿಡಿತಾರ, ಮನಿಗೊಂದ ಮೀನ ಕೊಡ್ತಾರ."

ಆರು ವರ್ಷದ ಹಿಂದೆ ಒಂದು ಎಡವಟ್ಟಾಯಿತು. ದೂರದ ಒಂಟಿಗಲ್ಲಿನ ಮೇಲೆ ನೀರುಕಾಗೆಗಳು ಕೂತು ಹಿಕ್ಕೆ ಹಾಕಿ ಹಾಕಿ ಅದೂ ಬೆಳ್ಳಗಾಗಿತ್ತು. ಅದನ್ನೇ ಮೂಗುಬಂಡೆಯೆಂದು ನಂಬಿದ ಮೀನುಗಾರ ಗ್ಯಾನಪ್ಪನವರ ತೆಪ್ಪ ನೀರಡಿಯ ಕಲ್ಲಿಗೆ ತಾಗಿ ಹರಿಯಿತು. "ಎರಡ ತಾಸು ಕಲ್ಲ ತಬ್ಬಿ ಕುಂತಿದ್ನಿರಿ. ಹಕ್ಕಿಗೋಳ ನಡುವ ನಾನೂ ಒಂದ ಹಕ್ಕಿ," ಎಂದು ಅವರೀಗ ನಗುತ್ತಾರೆ. ಹಸನಬೀ ಅಂದು ನಗಲಿಲ್ಲ. ನೀರಿಳಿದು ದಾರಿ ತೆರೆದ ಮರುದಿನವೇ ಬಿಳುಪಿನ ನಡುವೆ ಅಗಲವಾದ ಕೆಮ್ಮಣ್ಣಿನ ಪಟ್ಟೆ ಎಳೆದರು. "ಹಕ್ಕಿ ಸುಣ್ಣ ಹಚ್ಚತಾವ, ಖರೆ. ಕೆಮ್ಮಣ್ಣ ಎಲ್ಲಿಂದ ತರ್ತಾವರಿ?"

ದರ್ಗಾಕ್ಕೆ ಸಕ್ಕರೆ ಓದಿಸಲು ಬಂದವರು ಆ ಪಟ್ಟೆ ದರ್ಗಾದ ಗುರುತೆನ್ನುತ್ತಾರೆ. ಪಕ್ಕದ ಗಂಗಮ್ಮನ ಕಲ್ಲಿಗೆ ಹಸಿರು ಬಳೆ ಏರಿಸುವವರು ಗುಡಿಯ ಪಟ್ಟೆಯೆನ್ನುತ್ತಾರೆ. ಹಸನಬೀ ಇಬ್ಬರಿಗೂ ಹೂಂಗುಟ್ಟುತ್ತಾರೆ. ಬೇಸಿಗೆಯಲ್ಲಿ ನೀರಿಳಿದು ಮುಳುಗಿದ ಹಳೆಯ ಊರಿನ ಗುಡಿಯ ಶಿಖರ ಮೇಲೆದ್ದಾಗ, ಚಳಿಗಾಲದಲ್ಲಿ ಎಲ್ಲಿಂದಲೋ ಹೆಬ್ಬಾತುಗಳ ಹಿಂಡು ಕೂಗುತ್ತ ಇಳಿದಾಗ, ಅವರು ಕುಂಚ ಬದಿಗಿಟ್ಟು ನೋಡುತ್ತ ನಿಲ್ಲುತ್ತಾರೆ. ತಾವು ಬಳಿದ ತುದಿಯನ್ನು ಮಾತ್ರ ನೀರಿನ ಕಡೆಯಿಂದ ಒಮ್ಮೆಯೂ ನೋಡಿಲ್ಲ. "ತೆಪ್ಪ ಅಂದ್ರ ಎದಿ ಡವಡವ ಅಂತೈತಿರಿ."

ಕೊನೆಯ ಪಟ್ಟೆ ಎಳೆದು ತಿರುಗುವಷ್ಟರಲ್ಲಿ, ನಾಳೆ ಮುಳುಗಬೇಕಿದ್ದ ದಾರಿ ಇಂದೇ ಮಾಯವಾಗಿದೆ. ಕೆಂಪು ನೀರು ಸುಳಿ ಸುತ್ತುತ್ತಿದೆ. ಬಲೆ ಎತ್ತಿ ಬರುತ್ತಿದ್ದ ಗ್ಯಾನಪ್ಪ ತೆಪ್ಪವನ್ನು ಬಂಡೆಗೆ ಆನಿಸುತ್ತಾರೆ.

"ಬಾ ಚಾಚಿ, ಕುಂದ್ರು. ಮೀನ ಸುಮ್ನ ಕುಂತಾವ, ನೀ ಯಾಕ ಅಂಜತಿ?"

"ಅವಕ್ಕ ಈಜ ಬರ್ತೈತಿ," ಎನ್ನುತ್ತ ಹಸನಬೀ ಒಂದು ಕೈಯಲ್ಲಿ ಬಕೆಟ್ ಅವುಚಿಕೊಂಡು, ಇನ್ನೊಂದರಲ್ಲಿ ತೆಪ್ಪದ ಅಂಚು ಹಿಡಿದು, ಕಣ್ಣು ಮುಚ್ಚಿ ಕೂರುತ್ತಾರೆ. ತೆಪ್ಪ ಒಂದು ಸುತ್ತು ತಿರುಗಿ ಹೊರಡುತ್ತದೆ. ನಡುನೀರಿನಲ್ಲಿ ಗ್ಯಾನಪ್ಪ ಹುಟ್ಟು ನಿಲ್ಲಿಸಿ, "ಈಗ ನೋಡು," ಎನ್ನುತ್ತಾರೆ.

ಮಂಜು ಹರಿದಿದೆ. ಗುಡ್ಡಕ್ಕೆ ಗುಡ್ಡವೇ ಕಪ್ಪಾಗಿ ನಿಂತಿದೆ. ಅದರ ತುದಿಯಲ್ಲಿ ಎಳೆಬಿಸಿಲು ಬಿದ್ದ ಹಸಿ ಸುಣ್ಣ ಕಣ್ಣು ಕುಕ್ಕುತ್ತದೆ, ನಡುವೆ ಕೆಂಪು ಪಟ್ಟೆ. ಹಸನಬೀಯ ಕೈ ತಾನಾಗಿ ತೆಪ್ಪದ ಅಂಚು ಬಿಡುತ್ತದೆ. ತುದಿಯನ್ನು ಮೂಲೆಯಿಂದ ಮೂಲೆಗೆ ನೋಡುತ್ತಾರೆ.

"ಬಲಗಡಿ ಮೂಲಿ ಉಳದೈತಿ," ಎನ್ನುತ್ತಾರೆ ಕೊನೆಗೆ.

"ಅಷ್ಟ ಯಾರಿಗಿ ಕಾಣತೈತಿ, ಬಿಡ ಚಾಚಿ."

"ನನಗ ಕಂಡೈತಿ. ತೆಪ್ಪ ತಿರುವು."