ಬಸಗೊಂಡಪ್ಪ ಹಾಕಿದ ಬ್ರೇಕ್

ಟಿಕೋಟಾದ ಮೆಕ್ಯಾನಿಕ್ ಬಸಗೊಂಡಪ್ಪನ ಬಾಯಿ ಖಾರ, ಬಿಲ್ಲು ಅದಕ್ಕಿಂತ ಖಾರ. ಹಾಕಿದ ಸಾಮಾನು ಕಾರು ಕಂಪನಿಯದಲ್ಲದಿದ್ದರೆ, ಗಿರಾಕಿ ಕೇಳಲಿ ಬಿಡಲಿ, ‘ಕಂಪನಿ ಮಾಲು ಅಲ್ಲ’ ಎಂದು ದಪ್ಪಗೆ ಬರೆಯುತ್ತಾನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ, ಸ್ವಲ್ಪ ನೋಡಿ ಬರಿ ಎಂದು ಪಕ್ಕದ ಅಂಗಡಿಯ ನಾನೇ ಎಷ್ಟೋ ಸಲ ಹೇಳಿದ್ದೆ. ಕೇಳುವ ಆಸಾಮಿಯಲ್ಲ.

ಈ ವರ್ಷ ಆ ಒದೆ ಬಿದ್ದದ್ದು ನಿಡೋಣಿಯ ಮಹಾದೇವನಿಗೆ. ಅವನದು ಬಾಡಿಗೆ ಕಾರು. ಮನೆ ನಡೆಯುವುದೇ ಅದರಿಂದ. ಬಬಲೇಶ್ವರದ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಚಹಾಕ್ಕೆ ಹೋಗಿದ್ದಾಗ, ಮುಂದೆ ಕೆಳಗಡೆ ನಿಂತಿದ್ದ ಟ್ರ್ಯಾಕ್ಟರನ್ನು ಅದರವನು ರಿವರ್ಸ್ ತೆಗೆದಾಗ ಟ್ರಾಲಿ ಹಿಂದಕ್ಕೆ ಬಂದು ಬಾನೆಟ್ಟನ್ನು ಅಪ್ಪಚ್ಚಿ ಮಾಡಿತು. ಟ್ರ್ಯಾಕ್ಟರಿನವನು ಮಾತ್ರ ಕಾರೇ ಉರುಳಿ ಬಂದು ಗುದ್ದಿತು ಎಂದ. ವಿಜಯಪುರದಿಂದ ಬಂದ ವಿಮೆಯ ಸರ್ವೇಯರ್ ಬಸಗೊಂಡಪ್ಪನ ಬಿಲ್ಲು ನೋಡಿದ. ಹಿಂದಿನ ಗಾಲಿಯ ಬ್ರೇಕ್ ಶೂ ಕಂಪನಿಯದಲ್ಲ, ಅದಕ್ಕೇ ಹ್ಯಾಂಡ್ ಬ್ರೇಕ್ ಹಿಡಿದಿಲ್ಲ, ಕ್ಲೇಮು ಸಿಗುವುದು ಕಷ್ಟ ಎಂದುಬಿಟ್ಟ.

ಮಹಾದೇವ ಗ್ಯಾರೇಜಿಗೆ ಬಂದು ಕಣ್ಣೀರು ಹಾಕಿದ. ಆ ಒಂದು ಸಾಲು ಬರೆಯದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದ. ಬಸಗೊಂಡಪ್ಪ ಬಿಲ್ಲಿನ ಪುಸ್ತಕ ತೆಗೆದು ಆ ಸಾಲನ್ನು ಇನ್ನೊಮ್ಮೆ ಓದಿದ. ನನಗೂ ಸಂಕಟವಾಯಿತು.

ಮರುದಿನ ಬಸಗೊಂಡಪ್ಪ ಸರ್ವೇಯರನ್ನು ಅದೇ ಇಳಿಜಾರಿಗೆ ಕರೆಸಿದ. ಜಜ್ಜಿದ ಕಾರನ್ನು ಎಳೆಸಿ ತಂದು ಅದೇ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದ. ಆಮೇಲೆ ಟವೆಲ್ ಹಾಸಿ, ಮುಂದಿನ ಗಾಲಿಗೆ ಬೆನ್ನು ಕೊಟ್ಟು ರಸ್ತೆಯಲ್ಲೇ ಕುಳಿತುಬಿಟ್ಟ. ಕಾರು ಉರುಳಿದರೆ ಮೊದಲು ಅವನ ಮೈಮೇಲೇ.

“ಕಂಪನಿ ಮಾಲ್ ಅಲ್ರಿ ಸಾಹೇಬ್ರ, ಖರೆ. ಆದ್ರ ಹಿಡಿತೈತಿ. ಗೇರ್ ನೀವ ತಗೀರಿ.”

ಸರ್ವೇಯರ್ ಹಣೆ ಒರೆಸಿಕೊಳ್ಳುತ್ತ ಗೇರು ತೆಗೆದು ನ್ಯೂಟ್ರಲ್ ಮಾಡಿದ. ಕಾರು ಕೂದಲೆಳೆಯಷ್ಟೂ ಅಲುಗಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಚಹಾದಂಗಡಿಯ ಮಂದಿಯೆಲ್ಲ ಬಂದು ಸುತ್ತ ನಿಂತರು. ಸಾಕು, ಏಳಿ ಎಂದು ಸರ್ವೇಯರ್ ಅಂಗಲಾಚಿದ.

“ಬರದು ಸಹಿ ಹಾಕ್ರಿ, ಏಳ್ತೇನಿ.”

ಹ್ಯಾಂಡ್ ಬ್ರೇಕ್ ಗಟ್ಟಿ ಇದೆ, ಈ ಬ್ರೇಕ್ ಶೂಗೂ ಅಪಘಾತಕ್ಕೂ ಸಂಬಂಧವಿಲ್ಲ, ಕ್ಲೇಮು ಕೊಡಬಹುದು ಎಂದು ಸರ್ವೇಯರ್ ಜಜ್ಜಿದ ಬಾನೆಟ್ಟಿನ ಮೇಲೆಯೇ ಕಾಗದವಿಟ್ಟು ಬರೆದ. ಇಪ್ಪತ್ತು ದಿನಕ್ಕೆ ಕ್ಲೇಮು ಮಂಜೂರಾದದ್ದೇನೋ ನಿಜ, ಆದರೆ ನಾವು ಗೆದ್ದದ್ದು ಅಲ್ಲೇ, ಆ ರಸ್ತೆಯಲ್ಲೇ. ಮಂದಿ ಸೀಟಿ ಹೊಡೆದರು. ಮಹಾದೇವ ಓಡಿಬಂದು ಕಾಲಿಗೆ ಬೀಳಹೋದ.

“ಆಮ್ಯಾಲ ಬೀಳಂತಿ. ಕಾಲು ಜೋಮ ಹಿಡದಾವ, ಮೊದಲ ಎಬ್ಬಸು ನನ್ನ.”