ಗಂಟು ಹಾಕಬಾರದಿದ್ದ ಹಾರ

ಹೋದ ಶನಿವಾರ ನಾವೀಗ ಇರುವ ನೋವೈನ ದೇವಸ್ಥಾನದಲ್ಲಿ ಅರ್ಚಕರು ದೇವರ ಮೇಲಿಂದ ತೆಗೆದ ಸುಗಂಧರಾಜದ ಹಾರವೊಂದನ್ನು ನನ್ನ ಮಗಳ ಕೈಗೆ ಕೊಟ್ಟರು. ಅವಳಿಗೆ ಆರು ವರ್ಷ. ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ಹೀಟರ್ ಜೋರಾಗಿತ್ತು. ಎರಡು ಮೈಲಿ ಹೋಗುವಷ್ಟರಲ್ಲಿ ಬಿಸಿಗಾಳಿಗೆ ಹೂವು ಬಾಡಿ, ಆ ವಾಸನೆ ಕಾರು ತುಂಬಿತು... ನನಗೆ ಉಸಿರು ಕಟ್ಟಿದಂತಾಗಿ ಕಿಟಕಿ ಇಳಿಸಿಬಿಟ್ಟೆ. "ಅಮ್ಮಾ, ಇಟ್ಸ್ ಫ್ರೀಜಿಂಗ್!" ಎಂದು ಅವಳು ಕೂಗಿದಳು. ನಾನು ಆಗಲೇ ಪ್ಲೇನ್‌ಫೀಲ್ಡ್‌ನ ಹಳೆಯ ಮನೆಯಲ್ಲಿದ್ದೆ, ಪಕ್ಕದ ಮನೆ ಆಂಟಿಯ ಎದುರಿಗೆ.

ನಾವು ನೋವೈಗೆ ಬರುವ ಮುಂಚೆ ಷಿಕಾಗೋದ ಆಚೆಯ ಆ ಊರಿನಲ್ಲಿದ್ದೆವು. ಆಗ ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಗಂಡ ಬೆಳಿಗ್ಗೆ ಏಳಕ್ಕೆ ಕಾರು ಹತ್ತಿದರೆ ಬಡಾವಣೆಯಲ್ಲಿ ಒಂದು ನಾಯಿ ಬೊಗಳುವುದೂ ಕೇಳಿಸುತ್ತಿರಲಿಲ್ಲ. ಅದರ ಹಿಂದಿನ ವರ್ಷ ಐದನೇ ತಿಂಗಳಲ್ಲಿ ನನ್ನದೊಂದು ಮಗು ಹೋಗಿತ್ತು. ಮತ್ತೆ ಬಸುರಿಯಾದಾಗ ಖುಷಿಪಡಲೂ ಹೆದರಿಕೆ. ಮೆಟ್ಟಿಲು ಹತ್ತಲು ಹೆದರಿಕೆ, ಸೀನಲು ಹೆದರಿಕೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ, ನಾನು ನೀರನ್ನೂ ಊದಿ ಕುಡಿಯುತ್ತಿದ್ದೆ.

ಆಂಟಿ ಹವಾಯಿ ದ್ವೀಪದವರು. ನಲವತ್ತು ವರ್ಷದ ಹಿಂದೆ ಗಂಡನಿಗೆ ಓ'ಹೇರ್ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿತೆಂದು ಬಂದವರು. ಗಂಡ ತೀರಿಹೋಗಿದ್ದರೂ ಅವರು ಅಲ್ಲಿಯೇ ಉಳಿದಿದ್ದರು. ಮೊದಲ ಸಲ ನೋಡಿದಾಗ ಜಗಲಿಯ ಮೇಲೆ ಕೂತು ಮೊಳದುದ್ದದ ಸೂಜಿಯಲ್ಲಿ ಹೂವು ಪೋಣಿಸುತ್ತಿದ್ದರು. ಹೂವು ಕಂಡ ಮೇಲೆ ನನ್ನ ಕಾಲು ಮುಂದೆ ಹೋಗುತ್ತದೆಯೇ? ನಾವು ಸೂಜಿ ಇಲ್ಲದೆ ಬೆರಳಲ್ಲೇ ಕಟ್ಟುತ್ತೇವೆ ಎಂದು ತೋರಿಸಿದೆ. ಅವರು ಹಾರಕ್ಕೆ 'ಲೇ' ಎನ್ನುತ್ತಿದ್ದರು. ನಮ್ಮೂರಿನಲ್ಲಿ ಗಂಡಂದಿರು ಹೆಂಡತಿಯನ್ನು ಹಾಗೆ ಕರೆಯುತ್ತಾರೆ ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೆಂದು ಕರೆಯಲಿ ಎಂದು ಕೇಳಿದ್ದಕ್ಕೆ, "ಆಂಟಿ ಅನ್ನು. ನಮ್ಮ ಕಡೆ ದೊಡ್ಡವರೆಲ್ಲ ಆಂಟಿಯರೇ," ಎಂದರು. ಅಯ್ಯೋ, ನಮ್ಮಲ್ಲೂ ಹಾಗೇ ಅಲ್ಲವೇ!

ಪ್ರತಿ ಶನಿವಾರ ಅವರು ನನ್ನನ್ನು ಎಲ್ಕ್ ಗ್ರೋವ್ ವಿಲೇಜ್‌ಗೆ ಕರೆದೊಯ್ಯುತ್ತಿದ್ದರು. ಗೋದಾಮುಗಳ ನಡುವೆ ಬಾಡಿಗೆಗೆ ಹಿಡಿದ ಒಂದು ಹಾಲ್. ತಲೆಯ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು. ಬಾಗಿಲಲ್ಲಿ ಚಪ್ಪಲಿ, ಬೂಟುಗಳ ರಾಶಿ. ಅವರೂ ನಮ್ಮ ಹಾಗೆಯೇ ಕಾಲಲ್ಲಿರುವುದನ್ನು ಬಿಟ್ಟು ಒಳಗೆ ಬರುವವರು. ಆಂಟಿ ಅಲ್ಲಿ ಹೂಲಾ ನೃತ್ಯ ಕಲಿಸುತ್ತಿದ್ದರು. ದ್ವೀಪದಿಂದ ಬಂದ ಅಜ್ಜಿಯರು, ದ್ವೀಪವನ್ನು ನೋಡಿಯೇ ಇರದ ಮೊಮ್ಮಕ್ಕಳು, ಎಲ್ಲರೂ ಬರುತ್ತಿದ್ದರು. ಕುಣಿದಾದ ಮೇಲೆ ಊಟ. "ತಿನ್ನು, ಇನ್ನೂ ಸ್ವಲ್ಪ ಅನ್ನ ಹಾಕ್ಕೋ," ಎಂಬ ಒತ್ತಾಯ ಬೇರೆ. ನನಗೆಂದೇ ಮಾಂಸವಿಲ್ಲದ ಅನ್ನದ ಉಂಡೆ ಕಟ್ಟಿ ತರುತ್ತಿದ್ದರು.

ಒಂದು ಶನಿವಾರ ಆಂಟಿ ಸೋರೆಬುರುಡೆಯ ವಾದ್ಯವನ್ನು ನೆಲಕ್ಕೆ ಬಡಿಯುತ್ತಾ ಏನನ್ನೋ ಪಠಿಸತೊಡಗಿದರು. ನಮ್ಮ ಪುರೋಹಿತರ ಸ್ವರದ ಹಾಗೆಯೇ ಏರಿಳಿಯುವ, ತಳದಲ್ಲಿ ನಡುಗುವ ದನಿ. ಆ ಕ್ಷಣ ನನ್ನ ಹೊಟ್ಟೆಯೊಳಗೆ ಮಗು ಮೊದಲ ಸಲ ಮಿಸುಕಿತು. ಕಣ್ಣೀರು ತಡೆಯಲಾಗಲಿಲ್ಲ. ಅದರ ಅರ್ಥವೇನೆಂದು ಆಮೇಲೆ ಕೇಳಿದೆ. "ಯಾರು ಬಂದಿದ್ದಾರೆ ಅಂತ ಕೇಳೋದು," ಎಂದರು. ಯಾರನ್ನು ಕೇಳುವುದು ಎಂದರೆ ನಕ್ಕು ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಆ ನಗು ನನಗೆ ಅಷ್ಟು ಸರಿಬರಲಿಲ್ಲ.

ಅವರ ಮನೆಯೂ ಹಾಗೆಯೇ... ಒಳಗೆ ಹೆಜ್ಜೆಯಿಟ್ಟರೆ ಒಣಗಿದ ಹೂವಿನ ವಾಸನೆ. ಅವರು ಹಾರವನ್ನು ಕಸಕ್ಕೆ ಎಸೆಯುವಂತಿಲ್ಲವಂತೆ. ವರ್ಷಗಳ ಹಾರಗಳು ಕಂದು ಬಣ್ಣಕ್ಕೆ ತಿರುಗಿ ಕನ್ನಡಿ, ದೀಪ, ಕುರ್ಚಿಗಳ ಮೇಲೆಲ್ಲ ತೂಗುತ್ತಿದ್ದವು. ಗೋಡೆಯ ಮೇಲೆ ಸಾಲಾಗಿ ಫೋಟೋಗಳು, ಒಂದೊಂದಕ್ಕೂ ಹಾರ. ಪಾಪ, ಎಷ್ಟೊಂದು ಜನರನ್ನು ಕಳೆದುಕೊಂಡಿದ್ದಾರೆ ಎಂದುಕೊಂಡೆ. ಒಬ್ಬ ಹುಡುಗನ ಫೋಟೋ ತೋರಿಸಿ, "ಹೇಗಾಯ್ತು?" ಎಂದು ಮೆಲ್ಲಗೆ ಕೇಳಿದರೆ, "ಏನಾಯ್ತು? ನನ್ನ ಮಗ. ಲಾಸ್ ವೇಗಸ್‌ನಲ್ಲಿದ್ದಾನೆ," ಎಂದರು! ಪ್ರೀತಿಯವರಿಗೆ ಹಾರ ಹಾಕುವುದು ಅವರ ಪದ್ಧತಿ. ಸತ್ತವರು, ಬದುಕಿದವರು ಎಂಬ ಭೇದವೇ ಇಲ್ಲ.

ಇಷ್ಟನ್ನು ನಾನು ನಕ್ಕು ಸಹಿಸಿಕೊಂಡಿದ್ದೆ. ಜನವರಿಯಲ್ಲಿ ಧಾರವಾಡದಿಂದ ಅವ್ವ ಬಂದಳು, ಏಳನೇ ತಿಂಗಳಲ್ಲಿ ನನ್ನ ಕುಬಸ ಮಾಡಲು. ಕುಬಸವೆಂದರೆ ನಮ್ಮ ಕಡೆಯ ಸೀಮಂತ. ಅವಳನ್ನು ಆಂಟಿಯ ಮನೆಗೆ ಕರೆದೊಯ್ದೆ. ಅವ್ವ ಗೋಡೆಯ ಮುಂದೆ ನಿಂತವಳು ಅಲ್ಲಾಡಲಿಲ್ಲ. ನಾನೂ ನೋಡಿದೆ. ಎಲ್ಕ್ ಗ್ರೋವ್‌ನಲ್ಲಿ ಯಾರೋ ತೆಗೆದಿದ್ದ ನನ್ನ ಫೋಟೋ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದೇನೆ... ಅದಕ್ಕೆ ಬಿಳಿ ಹೂವಿನ ಹಾರ.

"ಯವ್ವಾ, ಜೀವಂತ ಇದ್ದಾಕಿ ಫೋಟೋಕ್ಕ ಮಾಲಿ ಹಾಕ್ಯಾಳಲ್ಲ!" ಎಂದು ಅವ್ವ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಮನೆಗೆ ಬಂದಳು. ಒಳಗೆ ಬಂದವಳೇ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಅವರ ಪದ್ಧತಿಯೇ ಹಾಗೆ ಎಂದು ನಾನು ಹೇಳಿದ್ದು ಅವಳ ಕಿವಿಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಗಿತ್ತು.

ಕುಬಸ ಶನಿವಾರಕ್ಕೆ ನಿಶ್ಚಯವಾಯಿತು. ಆ ವಾರದ ಹಿಮದಲ್ಲಿ ಎಲ್ಲಿಯೂ ಹೂವು ಸಿಗಲಿಲ್ಲ. ಶುಕ್ರವಾರ ಆಂಟಿಯೇ ಒಂದು ಡಬ್ಬಿ ತಂದುಕೊಟ್ಟರು. ದ್ವೀಪದಿಂದ ವಿಮಾನದಲ್ಲಿ ತರಿಸಿದ ಸುಗಂಧರಾಜ, ತಾವೇ ಕೂತು ಪೋಣಿಸಿದ್ದು, ಮೊಣಕಾಲಿನವರೆಗೆ ಬರುವಷ್ಟು ಉದ್ದ. ತುದಿಗಳೆರಡನ್ನೂ ಬಿಡಿಯಾಗಿ ಬಿಟ್ಟಿದ್ದರು. ಫ್ರಿಜ್‌ನಲ್ಲಿಡು, ನಾಳೆ ಕ್ಲಾಸಿಗೆ ಹೋಗುವ ಮುಂಚೆ ಬಂದು ಹೋಗುತ್ತೇನೆ ಎಂದು ಹೇಳಿ ಹೋದರು. ಬೇರೆ ಹೂವೇ ಇಲ್ಲದಿದ್ದರಿಂದ ಅವ್ವ ಗೊಣಗುತ್ತಲೇ ಒಪ್ಪಿದಳು. ಬೆಳಿಗ್ಗೆ ಹಾರ ಹೊರತೆಗೆದವಳಿಗೆ ಆ ಬಿಡಿ ತುದಿಗಳು ಕಂಡವು. "ಅರ್ಧಾ ಬಿಟ್ಟಾಳ ನೋಡು. ಬಿಚ್ಚಿದ ಮಾಲಿ ಬಸರಿ ಹೆಂಗಸಿಗೆ ಹಾಕತಾರೇನ?" ಎಂದು ಎರಡೂ ತುದಿ ಸೇರಿಸಿ, ಕೆಂಪು ದಾರದಲ್ಲಿ ಮೂರು ಗಂಟು ಬಿಗಿದು, ನನ್ನ ಕೊರಳಿಗೆ ಹಾಕಿದಳು. ಮಗಳಿಗೆ ಒಂದೂ ಕೊರತೆಯಾಗಬಾರದು ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಹನ್ನೆರಡಕ್ಕೆ ಆರತಿ ಶುರುವಾಗಿತ್ತು. ಹಸಿರು ಸೀರೆ ಉಟ್ಟು, ಕೈ ತುಂಬ ಹಸಿರು ಬಳೆ ತೊಟ್ಟು ನಾನು ಮಣೆಯ ಮೇಲೆ ಕೂತಿದ್ದೆ. ಆಂಟಿ ಬೂಟು ಬಿಟ್ಟು ಒಳಗೆ ಬಂದರು. ನಗುತ್ತಲೇ ಬಂದವರ ಕಣ್ಣು ನನ್ನ ಮಡಿಲಲ್ಲಿದ್ದ ಆ ಕೆಂಪು ಗಂಟಿನ ಮೇಲೆ ಬಿತ್ತು. ಹೆಂಗಸರನ್ನು ದಾಟಿ ಬಂದು, ನನ್ನೆದುರು ಮೊಣಕಾಲೂರಿ, ಬೆರಳಿನಿಂದ ಗಂಟು ಬಿಚ್ಚತೊಡಗಿದರು. ಅದು ಬರಲಿಲ್ಲ. "ಕತ್ತರಿ ಕೊಡಿ, ಕತ್ತರಿ," ಎಂದರು. ಆಮೇಲೆ ನನ್ನ ಕಿವಿಯಲ್ಲಿ, "ಬಸುರಿಗೆ ಮುಚ್ಚಿದ ಹಾರ ಹಾಕಬಾರದು, ಮಗಳೇ. ಕರುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುತ್ತೆ," ಎಂದರು. ಎಲ್ಲವೂ ಇಂಗ್ಲಿಷಿನಲ್ಲಿ.

ಅವ್ವನಿಗೆ ಅರ್ಥವಾದದ್ದು ಕತ್ತರಿಯೊಂದೇ. ಆರತಿಯ ಹೊತ್ತಿನಲ್ಲಿ ಬಸುರಿಯ ಕೊರಳ ಹಾರಕ್ಕೆ ಕತ್ತರಿ! "ಕತ್ತರಿ ಬ್ಯಾಡ! ಆಕಿನ್ನ ಹೊರಗ ಕಳಸು! ನಿನ್ನ ಫೋಟೋಕ್ಕ ಮಾಲಿ ಹಾಕಿದಾಕಿ ಈಗ ಕೊರಳಿಗೇ ಬಂದಾಳ!" ಎಂದು ಆಂಟಿಯ ಕೈ ತಳ್ಳಿದಳು. ಬೆಂಗಳೂರಿನ ಗೆಳತಿಯೊಬ್ಬಳು, "ಅಯ್ಯೋ, ಬೇಡ ಆಂಟಿ, ನಮ್ಮಲ್ಲಿ ಕಟ್ ಮಾಡಬಾರ್ದು," ಎಂದಳು. ಎಲ್ಲರೂ ನನ್ನ ಮುಖ ನೋಡಿದರು.

ಆಂಟಿ ಕಿವಿಯಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು, ಎರಡೂ ಕಡೆಯ ಹೆದರಿಕೆ ತಿಳಿದಿದ್ದವಳು ನಾನೊಬ್ಬಳೇ. ಕರುಳಬಳ್ಳಿಯ ಆ ಮಾತನ್ನು ಕನ್ನಡದಲ್ಲಿ ಹೇಳಿದ್ದರೆ ಅವ್ವನೇ ಕತ್ತರಿ ತರುತ್ತಿದ್ದಳೋ ಏನೋ. ಆದರೆ ಅಂಥ ಮಾತನ್ನು ಆರತಿಯ ಮುಂದೆ ಬಾಯಿಬಿಟ್ಟು ಹೇಳಿದರೆ ಅದೇ ನಿಜವಾಗುತ್ತದೆ ಎಂದು ಹೆದರಿದೆ. "ಪ್ಲೀಸ್, ಹೋಗಿ ಆಂಟಿ," ಎಂದೆ. ಅವರು ಎದ್ದು, ನನ್ನ ಹೊಟ್ಟೆಯ ಮೇಲೊಮ್ಮೆ ಕೈಯಿಟ್ಟು ಹೊರಟುಹೋದರು.

ಮೂರು ಗಂಟೆಗೆ ನೆಂಟರಿಷ್ಟರೆಲ್ಲ ಹೋದರು. ದೀಪ ಹಚ್ಚುವವರೆಗೆ ಹಾರ ತೆಗೆಯಬೇಡ ಎಂದಳು ಅವ್ವ. ಅದನ್ನು ಹಾಕಿಕೊಂಡೇ ಸೋಫಾದ ಮೇಲೆ ಮಲಗಿದೆ. ಎದ್ದಾಗ ಹಾರದ ಎರಡು ತುದಿಗಳೂ ನನ್ನ ಎರಡು ಪಕ್ಕಕ್ಕೆ ಬಿದ್ದಿದ್ದವು. ಕೆಂಪು ದಾರ ಎಲ್ಲಿಯೂ ಇರಲಿಲ್ಲ. ಅವ್ವ ದೇವರ ಮುಂದೆ ದೀಪ ಹಚ್ಚುತ್ತಿದ್ದಳು, ತಿರುಗಿ ನೋಡಲಿಲ್ಲ. ನಾನೂ ಕೇಳಲಿಲ್ಲ... ಕೇಳಲು ಧೈರ್ಯ ಬೇಕಲ್ಲ.

ಅಂದು ಸಂಜೆಯೇ ಎಲ್ಕ್ ಗ್ರೋವ್‌ನ ಗುಂಪಿನವರೊಬ್ಬರು ಫೋನ್ ಮಾಡಿದರು. ಆಂಟಿ ಕ್ಲಾಸಿಗೆ ತಲುಪಿರಲಿಲ್ಲ. ದಾರಿಯಲ್ಲಿ ಎದೆನೋವು ಬಂದಿರಬೇಕು, ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಹತ್ತಿರ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟಿದ್ದರಂತೆ. ಪೊಲೀಸರು ನೋಡಿದಾಗ ಮಧ್ಯಾಹ್ನ ಒಂದೂವರೆ ಗಂಟೆ. ಆಗಲೇ ಜೀವ ಇರಲಿಲ್ಲ.

ನಾನು ಕಳಿಸಿದ್ದಕ್ಕೇ ಹೋದರು ಎಂದು ಎಷ್ಟು ಅತ್ತೆನೋ ಲೆಕ್ಕವಿಲ್ಲ. ಏಪ್ರಿಲ್‌ನಲ್ಲಿ ಹೆರಿಗೆಯಾಯಿತು. ಮಗುವಿನ ತಲೆ ಹೊರಬಂದಾಗ ಕರುಳಬಳ್ಳಿ ಕೊರಳಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಡಾಕ್ಟರ್ ಬೆರಳು ತೂರಿಸಿ, ತಲೆಯ ಮೇಲಿಂದ ಸಲೀಸಾಗಿ ತೆಗೆದರು. "ಸಡಿಲವಾಗಿತ್ತು. ಇದೆಲ್ಲ ಮಾಮೂಲಿ," ಎಂದರು. ಮಗಳು ಕಿರುಚಿ ಅತ್ತಳು. ಅಷ್ಟು ಒಳ್ಳೆಯ ಸದ್ದನ್ನು ನಾನು ಆಮೇಲೆ ಕೇಳಿಲ್ಲ.

ಹೋದ ಶನಿವಾರ ಮನೆಗೆ ಬಂದವಳೇ ಅವ್ವನಿಗೆ ಫೋನ್ ಮಾಡಿದೆ. ಧಾರವಾಡದಲ್ಲಿ ರಾತ್ರಿ ಊಟದ ಹೊತ್ತು. ಹಾರದ ವಾಸನೆಗೆ ಆಂಟಿ ನೆನಪಾದರು ಎಂದೆ. ಅವ್ವ ತಟ್ಟೆ ಸರಿಸಿದ ಸದ್ದು ಕೇಳಿಸಿತು.

"ಆ ಗಂಟ ನಾನ ಬಿಚ್ಚಿದ್ನಿ," ಎಂದಳು. "ನೀ ಮಲಗಿದ್ದಿ. ಮಂದಿ ಎಲ್ಲಾ ಹೋಗಿದ್ರು. ಅಡಗಿಮನಿಯಿಂದ ಬಂದು ನೋಡತೀನಿ, ಆಕಿ ನಿನ್ನ ಕಾಲಕಡೆ ನಿಂತಾಳ. ಬಾಗಲಾ ಯಾವಾಗ ತಗದ್ಲೋ ಏನೋ. ಹೊರಗ ಅಷ್ಟ ಹಿಮಾ, ಆಕಿ ಬರಿಗಾಲು ಒಣಾ ಇದ್ವು. ನನಗ ಸಿಟ್ಟ ಬಂತು, ಆದ್ರ ಆಕಿ ಮಾತಾಡಲಿಲ್ಲ. ತನ್ನ ಕೊರಳ ತೋರಿಸಿದ್ಲು, ಆಮ್ಯಾಲ ನಿನ್ನ ಹೊಟ್ಟಿ ತೋರಿಸಿದ್ಲು. ಆವಾಗ ನನಗ ತಿಳೀತವಾ. ಬೆರಳಿಗೆ ಬರವಲ್ಲದು, ಹಲ್ಲಿಲೆ ಕಚ್ಚಿ ಬಿಚ್ಚಿದ್ನಿ. ತಲಿ ಎತ್ತಿ ನೋಡೂದ್ರಾಗ ಹೋಗಿಬಿಟ್ಟಿದ್ಲು. ಹೊರಗ ಹಾಕು ಅಂದಾಕಿ ನಾನ ಅಲ್ಲ? ನಾಚಿಕಿ ಆಗಿ ನಿನಗ ಹೇಳಲಿಲ್ಲ."

ಮಂದಿ ಹೋದದ್ದು ಮೂರು ಗಂಟೆಗೆ, ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

"ನಮ್ಮನಿಯಿಂದ ಹೋಗೂ ಮುಂದನ ಹಾದ್ಯಾಗ ತೀರಕೊಂಡ್ಲು, ಹೌದಲ್ಲ?" ಎಂದಳು ಅವ್ವ. "ಪಾಪ, ಒಂದ ಕಪ್ ಚಾ ಸೈತ ಕೇಳಲಿಲ್ಲ ನಾ."

ಪೊಲೀಸರು ಒಂದೂವರೆಗೇ ಕಾರು ನೋಡಿದ್ದರೆಂದು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಎಂಬತ್ತು ದಾಟಿದ ಜೀವ, ಹೆದರಿಕೊಂಡೀತು. "ಹೌದವ್ವಾ, ಆವಾಗನ," ಎಂದು ಫೋನ್ ಇಟ್ಟೆ.

ಹೋಗಿ ಎಂದವಳು ನಾನು. ಅಷ್ಟಾದರೂ ಅವರು ನನ್ನ ಮಗಳಿಗಾಗಿ ವಾಪಸು ಬಂದರು. ಈ ಆರು ವರ್ಷವೂ ಅವರಲ್ಲಿ ಒಂದೇ ಒಂದು ಸಲ ಕ್ಷಮೆ ಕೇಳುವ ಅವಕಾಶ ಸಿಕ್ಕಿದ್ದರೆ ಎಂದು ಹಲುಬಿದ್ದೇನೆ. ಸಿಕ್ಕಿತ್ತು. ಅವರು ನನ್ನ ಕಾಲಬಳಿ ನಿಂತಿದ್ದರು, ನಾನು ನಿದ್ದೆ ಮಾಡುತ್ತಿದ್ದೆ.