ಟೀಚರಿಗೆ ಹೊಲಿದ ಕೋಟು

ಅವಳನ್ನು ಎಲ್ಲರೂ ಟೇಪಕ್ಕ ಎನ್ನುತ್ತಿದ್ದರು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು ಅನ್ನುವ ಕಾರಣಕ್ಕೇನೂ ಅಲ್ಲ. ಅದು ಯಾವ ದರ್ಜಿಯ ಕೊರಳಲ್ಲಿರುವುದಿಲ್ಲ? ಹದಿನಾರು ವರ್ಷದಲ್ಲಿ ಆ ಟೇಪನ್ನು ಅವಳು ಬಳಸಿದ್ದನ್ನು ಒಬ್ಬರೂ ಕಂಡಿರಲಿಲ್ಲ, ಅದಕ್ಕೆ. ಗಿರಾಕಿ ಬಾಗಿಲು ದೂಡಿಕೊಂಡು ಬಂದು ಕೌಂಟರು ಮುಟ್ಟುವಷ್ಟರಲ್ಲಿ ಅವಳ ಕಣ್ಣು ಸೊಂಟ, ಎದೆ, ತೋಳು ಎಲ್ಲವನ್ನೂ ಅಳೆದು ಮುಗಿಸಿರುತ್ತಿತ್ತು. ಯಜಮಾನರು ಹೊಸ ಗಿರಾಕಿಗಳ ಮುಂದೆ ಪಂತ ಕಟ್ಟುತ್ತಿದ್ದರು, ಆಮೇಲೆ ಟೇಪು ಹಿಡಿದು ನೋಡುತ್ತಿದ್ದರು. ಅರ್ಧ ಬೆರಳಿನಷ್ಟೂ ತಪ್ಪುತ್ತಿರಲಿಲ್ಲ. ಬಡವಳಿಗೆ ಇದ್ದ ಹೆಮ್ಮೆ ಇದೊಂದೇ, ಇದ್ದೊಂದನ್ನೂ ಅವಳು ಬೇಕಾದ್ದಕ್ಕಿಂತ ಹೆಚ್ಚು ಸಾಕಿದ್ದಳು.

ಅದು ಆಲ್ಟ್ರೇಷನ್ ಅಂಗಡಿ. ಪ್ಯಾಂಟಿನ ಉದ್ದ ಕತ್ತರಿಸುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಾಯಿಸುವುದು. ಬರುವವರೆಲ್ಲ ಬಟ್ಟೆಯನ್ನು ಬೈದುಕೊಂಡೇ ಬರುತ್ತಾರೆ. ಪ್ಯಾಂಟು ಸರಿಯಿಲ್ಲ ಎನ್ನುತ್ತಾರೆಯೇ ಹೊರತು ಹೊಟ್ಟೆ ಸರಿಯಿಲ್ಲ ಎಂದು ಯಾರು ಒಪ್ಪಿಯಾರು? ಒಂದು ಕಾಲು ಗಿಡ್ಡವಿದ್ದವರು, ಒಂದು ಭುಜ ಇಳಿದವರು, ಬೆನ್ನು ವಾಲಿದವರು, ಎಲ್ಲರ ಗುಟ್ಟೂ ಅವಳಿಗೆ ಗೊತ್ತಿತ್ತು. ಯಜಮಾನರು ಕಲಿಸಿದ ಮೊದಲ ಪಾಠವೇ ಇದು: "ಕಂಡಿದ್ದನ್ನ ಆಡ್ಬೇಡ. ಲೈನಿಂಗ್ ಒಳಗೆ ಹೊಲಿದುಬಿಡು." ಅವಳು ಬಟ್ಟೆಯ ಒಳಮೈಯಲ್ಲಿ ಎಲ್ಲಿಗೆ ಬೇಕೋ ಅಲ್ಲಿಗೆ ಒಂದು ತೆಳು ಪ್ಯಾಡು ಕೂಡಿಸುತ್ತಿದ್ದಳು. ಗಿರಾಕಿ ಪರದೆಯ ಹಿಂದೆ ಹಾಕಿಕೊಂಡು, ಕನ್ನಡಿಯಲ್ಲಿ ನೆಟ್ಟಗಾದ ತನ್ನ ಮೈ ನೋಡಿಕೊಂಡು, ತುಟಿಪಿಟಕ್ಕೆನ್ನದೆ ಹೊರಟುಹೋಗುತ್ತಿದ್ದ. ಮುಂದಿನ ಸಲ ಬರುವಾಗ ಮಾತ್ರ ಅವಳನ್ನೇ ಕೇಳಿಕೊಂಡು ಬರುತ್ತಿದ್ದ.

ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಉಳಿದವಳು ಮಗಳೊಬ್ಬಳು. ಐದನೇ ಕ್ಲಾಸು, ಲೆಕ್ಕದಲ್ಲಿ ಚುರುಕು, ನಾಲಿಗೆಯಲ್ಲಿ ಅದಕ್ಕಿಂತ ಚುರುಕು. ಊರಿನ ಒಳ್ಳೆಯ ಶಾಲೆಯಲ್ಲಿ ಓದುತ್ತಿದ್ದಳು, ಫೀಸು ಮಾಫಿಯ ಮೇಲೆ. ಹುಡುಗಿ ಚೆನ್ನಾಗಿ ಓದುತ್ತಾಳೆ, ಮನೆಯಲ್ಲಿ ಅನುಕೂಲ ಸಾಲದು ಎಂದು ಪ್ರತಿವರ್ಷ ಕ್ಲಾಸ್ ಟೀಚರು ಒಂದು ಪತ್ರ ಬರೆಯಬೇಕು. ವರ್ಷದ ಕೊನೆಯ ರಜೆಯಲ್ಲಿ ಕಮಿಟಿಯವರು ಕೂತು ಅದನ್ನು ಓದುತ್ತಾರೆ. ಪತ್ರ ಸರಿಯಿದ್ದರೆ ಹುಡುಗಿ ಗೇಟಿನೊಳಗೆ, ಇಲ್ಲದಿದ್ದರೆ ಹೊರಗೆ. ಈ ವರ್ಷ ಟೀಚರು ಹೊಸಬರು, ಮಾತು ಕಡಿಮೆ, ಮುಖ ಬಿಗಿ. ಏನು ಬರೆಯುತ್ತಾರೋ ಎಂದು ಟೇಪಕ್ಕ ಹೆದರಿದ್ದಳು.

ರಜೆ ಹತ್ತಿರ ಬಂದಾಗ ಟೀಚರಿಗೆ ಉಡುಗೊರೆ ಕೊಡುವುದು ಶಾಲೆಯಲ್ಲಿ ನಡೆದುಬಂದ ರೂಢಿ. ಹಿಂದಿನ ವರ್ಷಗಳಲ್ಲೆಲ್ಲ ಒಂದು ಸೋಪಿನ ಪೊಟ್ಟಣವನ್ನು ಮಗಳ ಕೈಯಲ್ಲಿ ಕಳಿಸಿ ಟೇಪಕ್ಕ ಕೈ ತೊಳೆದುಕೊಂಡಿದ್ದಳು. ಈ ಸಲ ಮಾತ್ರ ತಲೆ ಓಡಿಸಿದಳು.

"ಪೆನ್ ಕೊಡೋಣ ಅಮ್ಮ," ಅಂದಳು ಮಗಳು.

"ಅವರ ಹತ್ರ ಅಂಗಡಿ ಇಡೋವಷ್ಟು ಪೆನ್ ಇರತ್ತೆ."

"ಟೀ ಕಪ್ಪು?"

"ಮೂವತ್ತು ಮಕ್ಕಳೂ ಕಪ್ಪು ಕೊಟ್ರೆ ಅವರೇನು ಹೋಟ್ಲು ಇಡ್ತಾರಾ? ಕೊಟ್ಟಿದ್ದು ಉಪಯೋಗಕ್ಕೆ ಬರ್ಬೇಕು ಕಣೇ. ಅವರಿಗೆ ಏನು ಬೇಕು ಅಂತ ನೋಡಿ ಕೊಡ್ಬೇಕು."

"ಎಲ್ಲರೂ ಕೊಡೋ ಥರದ್ದೇ ಕೊಡಮ್ಮ, ಪ್ಲೀಸ್," ಅಂದಳು ಮಗಳು. ಹತ್ತು ವರ್ಷದ ಹುಡುಗಿಗೆ ಇದ್ದ ಬುದ್ಧಿ ತಾಯಿಗೆ ಇರಲಿಲ್ಲ.

ಅವರಿಗೆ ಏನು ಬೇಕೆಂದು ಟೇಪಕ್ಕ ಆಗಲೇ ನೋಡಿಯಾಗಿತ್ತು. ಪೋಷಕರ ಸಭೆಯ ದಿನ ಟೀಚರ ಮುಂದೆ ಹತ್ತು ನಿಮಿಷ ನಿಂತಿದ್ದಳು. ಟೀಚರು ಭಿನ್ನರಾಶಿಯ ಬಗ್ಗೆ ಹೇಳುತ್ತಿದ್ದರು, ಕಣ್ಣು ತನ್ನ ಕೆಲಸ ಮಾಡುತ್ತಿತ್ತು. ಅಷ್ಟು ಸೆಖೆಯಿದ್ದರೂ ಮೇಲೆ ದೊಗಳೆ ಸ್ವೆಟರು, ಎದೆಗವಚಿ ಹಿಡಿದ ಫೈಲು, ಅದು ಯಾವಾಗಲೂ ಎಡಗಡೆಗೇ. ಒಂದು ಸಹಿಗಾಗಿ ಫೈಲು ಸರಿದಾಗ ಎಡಗಡೆಯ ಬಟ್ಟೆ ಆಧಾರವಿಲ್ಲದೆ ಒಳಗೆ ಕುಸಿಯಿತು. ಅಂಥ ಇಬ್ಬರಿಗೆ ಟೇಪಕ್ಕ ಹೊಲಿದುಕೊಟ್ಟಿದ್ದಳು. ಆಪರೇಷನ್ನಿನಲ್ಲಿ ಒಂದು ಎದೆ ತೆಗೆದುಹಾಕಿದ ಮೈ ಅದು. ಅಯ್ಯೋ ಪಾಪ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಅದರ ಹಿಂದೆಯೇ, ಇವರಿಗೊಂದು ಒಳ್ಳೆಯ ಉಪಕಾರ ಮಾಡಿದರೆ ಪತ್ರವನ್ನೂ ಒಳ್ಳೆಯದಾಗಿ ಬರೆದಾರು ಎಂಬ ಆಸೆಯೂ ಬಂತು. ಕರುಣೆಗೂ ಆಸೆಗೂ ನಡುವೆ ಎಷ್ಟು ಅಂತರವಿತ್ತು ಎಂದು ಮಾತ್ರ ಅವಳು ಅಳೆಯಲಿಲ್ಲ.

ದುಡ್ಡಿರಲಿಲ್ಲ, ಆದರೆ ಅಂಗಡಿಯ ಅಟ್ಟದ ಮೇಲೆ ಯಾರೋ ಕೊಟ್ಟು ಮರೆತುಹೋದ ಒಂದು ಉಣ್ಣೆಯ ಕೋಟಿತ್ತು. ಎರಡು ವರ್ಷವಾದರೂ ಒಯ್ಯದ್ದನ್ನು ಕೆಲಸದವರು ತೆಗೆದುಕೊಳ್ಳಬಹುದಿತ್ತು. ಬಣ್ಣ ಮಾಸಿದ್ದು ಹೊರಮೈ ಮಾತ್ರ. ಟೇಪಕ್ಕ ಅದರ ಒಂದೊಂದು ಹೊಲಿಗೆಯನ್ನೂ ಬಿಚ್ಚಿದಳು, ಒಳಮೈಯನ್ನು ಹೊರಗೆ ತಿರುವಿ ಟೀಚರ ಅಳತೆಗೆ ಕತ್ತರಿಸಿದಳು. ಮೂರು ವಾರ, ಊಟದ ಬಿಡುವಿನಲ್ಲೆಲ್ಲ ಹೊಲಿದಳು. ಎಡಗಡೆ ಲೈನಿಂಗಿನೊಳಗೆ ಹತ್ತಿಯ ಪ್ಯಾಡನ್ನು ಪದರ ಪದರವಾಗಿ, ಅಂಚು ತೆಳ್ಳಗೆ ಮಾಡಿ, ಮುಟ್ಟಿದರೂ ಮೈಯೇ ಅನ್ನಿಸುವ ಹಾಗೆ ಕೂಡಿಸಿದಳು. ಖರ್ಚಾದದ್ದು ಲೈನಿಂಗು, ನೂಲು, ಆರು ಗುಂಡಿ. ನೋಡಿದ ಯಜಮಾನರು, "ದೊಡ್ಡ ಅಂಗಡಿ ಗಾಜಿನೊಳಗೆ ಇಡೋ ಹಾಗಿದೆ ಕಣಮ್ಮ" ಎಂದರು. ಟೇಪಕ್ಕ ಆ ಹೊಗಳಿಕೆಯನ್ನು ಮೂರು ದಿನ ಮೆಲುಕು ಹಾಕಿದಳು.

ಕೊನೆಯ ದಿನ ಅರ್ಧ ದಿನದ ರಜೆ ಕೇಳಿಕೊಂಡು, ಉಡುಗೊರೆ ಕೊಡಲು ಮೊದಲ ಸಲ ತಾನೇ ಶಾಲೆಗೆ ಹೋದಳು. ಅಂಗಡಿಯಲ್ಲಾದರೆ ಕೊಟ್ಟದ್ದನ್ನು ಗಿರಾಕಿ ಪರದೆಯ ಹಿಂದೆ ಒಯ್ದು ನೋಡುತ್ತಾನೆ. ಇಲ್ಲೂ ಪೊಟ್ಟಣವನ್ನು ಮನೆಗೆ ಒಯ್ದು ಬಿಚ್ಚುತ್ತಾರೆ ಎಂದುಕೊಂಡಿದ್ದಳು. ಕ್ಲಾಸಿನೊಳಗೆ ಕಾಲಿಟ್ಟರೆ ಗೋಡೆಯುದ್ದಕ್ಕೂ ತಾಯಂದಿರು, ನೆಲದ ಮೇಲೆ ಮಕ್ಕಳು, ಮೇಜಿನ ಮೇಲೆ ಪೊಟ್ಟಣಗಳ ರಾಶಿ. ಟೀಚರು ಒಂದೊಂದನ್ನೇ ಬಿಚ್ಚಿ, ಎತ್ತಿ ತೋರಿಸಿ, ಕೊಟ್ಟ ಮಗುವಿನ ಹೆಸರು ಹೇಳುತ್ತಿದ್ದರು. ಎಲ್ಲರೂ ಚಪ್ಪಾಳೆ. ಬಿಚ್ಚದೆ ಒಳಗಿಟ್ಟರೆ ಕೊಟ್ಟವರಿಗೆ ಅವಮಾನವಂತೆ. ಟೇಪಕ್ಕನ ಪೊಟ್ಟಣ ಆಗಲೇ ಮೇಜು ಸೇರಿತ್ತು. ತಡೆಯಬೇಕೆಂದು ಕಾಲು ಮುಂದಿಟ್ಟಳು. ಆದರೆ ಕೋಟು ಹೊರಬಂದೊಡನೆ ಇಡೀ ಕೋಣೆ "ಅಬ್ಬಾ!" ಎಂದಿತು, ಆ ಕಾಲು ಅಲ್ಲೇ ನಿಂತಿತು. ಅಷ್ಟು ಜನರ ಮುಂದೆ ಅವಳ ಕೆಲಸಕ್ಕೆ ಅಬ್ಬಾ ಎಂದವರು ಅದುವರೆಗೆ ಯಾರೂ ಇರಲಿಲ್ಲ.

"ಹಾಕ್ಕೊಳ್ಳಿ ಮಿಸ್! ಹಾಕ್ಕೊಳ್ಳಿ!" ಮಕ್ಕಳು ಕೂಗಿದರು.

ಟೀಚರು ನಕ್ಕು ಬೇಡವೆಂದರು. ಅಷ್ಟರಲ್ಲಿ ಹಲ್ಲಿನ ಡಾಕ್ಟರ ಹೆಂಡತಿ, ಎಲ್ಲದಕ್ಕೂ ಮುಂದೆ ನುಗ್ಗುವ ಹೆಂಗಸು, ಕೋಟನ್ನು ಕೈಗೆತ್ತಿಕೊಂಡಾಗಿತ್ತು. ಕಾಲರು ಸವರಿದಳು, ಗುಂಡಿ ನೋಡಿದಳು, ಒಳಗೆ ಕೈ ತೂರಿಸಿದಳು.

"ಇದೇನ್ರೀ, ಒಂದೇ ಕಡೆ ದಪ್ಪ ಇದೆ?" ಎಂದು ಕೋಟನ್ನು ಒಳಮೈ ಹೊರಗಾಗುವಂತೆ ಎಲ್ಲರ ಮುಂದೆ ಹಿಡಿದಳು. "ಈ ಕಡೆ ಏನೂ ಇಲ್ಲ, ಎಡಗಡೆ ಮಾತ್ರ ಉಬ್ಬಿದೆ ನೋಡಿ. ಪಾಪ, ಹೊಲಿಯೋವಾಗ ತಪ್ಪಾಗಿರ್ಬೇಕು."

ಹೌದು, ತಪ್ಪಾಯಿತು, ಮನೆಗೆ ಒಯ್ದು ಸರಿಮಾಡಿ ಕೊಡುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಎರಡು ಮಾತು. ಕಂಡದ್ದನ್ನು ಆಡಬೇಡ ಎಂಬ ಪಾಠವನ್ನು ಹದಿನಾರು ವರ್ಷ ಪಾಲಿಸಿದ್ದಳು. ಆದರೆ ಆ ಹದಿನಾರು ವರ್ಷದಲ್ಲಿ ಅವಳ ಹೊಲಿಗೆಗೆ ತಪ್ಪು ಎಂದವರೂ ಇರಲಿಲ್ಲ.

"ತಪ್ಪಲ್ಲಮ್ಮ," ಅಂದುಬಿಟ್ಟಳು ಟೇಪಕ್ಕ. "ಟೀಚರಿಗೆ ಆ ಕಡೆ ಬೇಕು. ಅದಕ್ಕೇ ಇಟ್ಟಿದ್ದು."

ಬಾಯಿಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಇಲ್ಲಿ ಬಾಯಿಬಿಟ್ಟವಳು ಒಬ್ಬಳು, ಬಣ್ಣ ಹೋದದ್ದು ಇನ್ನೊಬ್ಬಳದು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರಿಗಾಗಿ ಅರ್ಥವಾಯಿತು. ಅರ್ಥವಾದವರು ನೋಡಬಾರದ ಕಡೆಗೇ ನೋಡಿದರು. ಹಿಂದಿನ ಸಾಲಿನ ಹುಡುಗನೊಬ್ಬ "ಆ ಕಡೆ ಏನಾಗಿದೆ ಮಿಸ್?" ಎಂದು ಕೇಳಿದ, ಅವನ ತಾಯಿ ಅವನ ಬಾಯಿ ಮುಚ್ಚಿದಳು. ಆ ಮುಚ್ಚಿದ್ದು ಕೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಟೀಚರು ಮೇಜಿನ ಮೇಲಿದ್ದ ಫೈಲನ್ನು ಎದೆಗೆ ಎತ್ತಿಕೊಂಡರು. ಕೋಟನ್ನು ವಾಪಸು ಪಡೆದು ಮಡಿಚಿಟ್ಟು, ಟೇಪಕ್ಕನ ಮಗಳ ಹೆಸರು ಹೇಳಿ, "ಥ್ಯಾಂಕ್ ಯು. ತುಂಬಾ ಬೆಲೆಬಾಳೋ ಕೋಟು" ಎಂದರು. ಮುಂದಿನ ಪೊಟ್ಟಣ ಬಿಚ್ಚಿದರು. ಅದರಲ್ಲಿ ಒಂದು ಕಪ್ಪಿತ್ತು, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.

ರಜೆ ಮುಗಿಯುವ ಮೊದಲೇ ಶಾಲೆಯಿಂದ ಕಾಗದ ಬಂತು. ಮಾಫಿ ಇಲ್ಲ. ಟೇಪಕ್ಕ ಮಗಳನ್ನು ಕರೆದುಕೊಂಡು ಆಫೀಸಿಗೆ ಓಡಿದಳು. ಗುಮಾಸ್ತ ಒಳ್ಳೆಯವನು, ಫೈಲು ತೆಗೆದು ಪತ್ರವನ್ನೇ ಓದಿ ಹೇಳಿದ. ಹುಡುಗಿ ಜಾಣೆ, ಶ್ರಮಪಡುತ್ತಾಳೆ ಎಂದು ಟೀಚರು ಬರೆದಿದ್ದರು. ಒಂದಕ್ಷರ ಸುಳ್ಳಿರಲಿಲ್ಲ. ಕೊನೆಗೊಂದು ಸಾಲು: ಈ ಕುಟುಂಬದವರು ರಜೆಯ ಉಡುಗೊರೆಯಾಗಿ ನನಗೆ ಉತ್ತಮ ದರ್ಜೆಯ ಉಣ್ಣೆಯ ಕೋಟನ್ನು ಕೊಟ್ಟಿದ್ದಾರೆ, ಪೋಷಕರೆಲ್ಲರೂ ಸಾಕ್ಷಿ, ಅನುಕೂಲದ ವಿಷಯವನ್ನು ಕಮಿಟಿಯೇ ಪರಿಶೀಲಿಸಬೇಕು.

"ಕೋಟು ಕೊಡೋವ್ರಿಗೆ ಮಾಫಿ ಯಾಕೆ ಅಂದ್ರಮ್ಮ ಕಮಿಟಿಯವ್ರು," ಅಂದ ಗುಮಾಸ್ತ. "ಒಂದು ಸೋಪ್ ಕೊಟ್ಟಿದ್ರೆ ಆಗ್ತಿತ್ತಲ್ಲ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಾಯಿಯ ನಾಲಿಗೆಗೆ ಬೀಳಬೇಕಾದ ಬರೆ ಮಗಳ ಓದಿಗೆ ಬಿತ್ತು. ಆಫೀಸಿನಿಂದ ಕ್ಲಾಸಿಗೆ ಹೋದರೆ, ರಜೆಯಲ್ಲೂ ಟೀಚರು ಒಬ್ಬರೇ ಕೂತು ಪುಸ್ತಕ ಜೋಡಿಸುತ್ತಿದ್ದರು. ಟೇಪಕ್ಕ ಬಾಗಿಲಲ್ಲೇ ಕೈ ಮುಗಿದಳು.

"ಟೀಚರ್, ಅದು ಹಳೇ ಕೋಟು. ಯಾರೋ ಬಿಟ್ಟುಹೋಗಿದ್ದು. ತಿರುವಿ ಹೊಲಿದೆ ಅಷ್ಟೇ. ನನ್ನ ಹತ್ರ ಏನೂ ಇಲ್ಲ, ನಿಮಗೇ ಗೊತ್ತಲ್ಲ. ಒಂದು ಮಾತು ಬರೆದುಕೊಡಿ."

"ಹಳೇದಾ?" ಟೀಚರು ತಲೆ ಎತ್ತದೆ ಕೇಳಿದರು. "ಯಾರಿಗೂ ಹಾಗನ್ನಿಸಲಿಲ್ಲ. ನೀವೇ ಅಲ್ವಾ ಅಷ್ಟು ಚೆನ್ನಾಗಿ ಹೊಲಿದಿದ್ದು?"

"ನನ್ನಿಂದ ತಪ್ಪಾಯ್ತು. ನನಗೆ ಬೇಕಾದ್ದು ಅನ್ನಿ. ಅವಳೇನು ಮಾಡಿದ್ಲು ಟೀಚರ್?"

"ನಾಲ್ಕು ವರ್ಷ ಮುಚ್ಚಿಟ್ಟಿದ್ದೆ," ಅಂದರು ಟೀಚರು. ದನಿ ಏರಲಿಲ್ಲ. "ನಮ್ಮಮ್ಮನಿಗೂ ಹೇಳಿರಲಿಲ್ಲ. ಅವತ್ತು ಸಂಜೆ ಯಾರೋ ಫೋನ್ ಮಾಡಿ ಹೇಳಿದ್ರಂತೆ. ನಾನೇನು ಮಾಡಿದ್ದೆ ನಿಮಗೆ?"

ಟೀಚರು ಎದ್ದರು. ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಅದೇ ಕೋಟನ್ನು ತೆಗೆದು ತೊಟ್ಟುಕೊಂಡರು, ಆರೂ ಗುಂಡಿ ಹಾಕಿದರು, ಫೈಲನ್ನು ಮೇಜಿನ ಮೇಲೇ ಬಿಟ್ಟು ಎರಡೂ ಕೈ ಬೀಸಿಕೊಂಡು ಇವರ ಪಕ್ಕದಿಂದ ಹೊರಗೆ ನಡೆದರು. ಟೇಪಕ್ಕನ ಕಣ್ಣು ಹಿಂದೆಯೇ ಹೋಯಿತು. ಭುಜ ನೆಟ್ಟಗಿತ್ತು. ಎದೆ ಎರಡೂ ಕಡೆ ಒಂದೇ ಸಮ. ಎಲ್ಲೂ ಒಂದು ಸುಕ್ಕಿಲ್ಲ, ಎಳೆತವಿಲ್ಲ. ಮಗಳ ಶಾಲೆ ಹೋಯಿತು ಎಂಬುದು ಎದೆಗೆ ಇಳಿಯುವ ಮೊದಲೇ, ಎಷ್ಟು ಸರಿಯಾಗಿ ಕೂತಿದೆ ಎಂಬ ಸಂತೋಷ ಅವಳ ಮುಖಕ್ಕೆ ಬಂದುಬಿಟ್ಟಿತು.

ಮಗಳು ಅದನ್ನೇ ನೋಡುತ್ತಿದ್ದಳು.

"ಅಮ್ಮ, ನಿಂಗೆ ಖುಷಿಯಾಗಿದೆ," ಅಂದಳು. ಟೇಪಕ್ಕ ಇಲ್ಲವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಗೇಟು ದಾಟಿಯಾಗಿತ್ತು. ಬಸ್ ಸ್ಟಾಪಿನವರೆಗೂ ಅವಳು ತಾಯಿಗಾಗಿ ನಿಲ್ಲಲಿಲ್ಲ.